ಒಂದೇ ವ್ಯಾಗನ್ ಆರ್, ಎರಡು ಲೆಕ್ಕ: ಭಾವನದ್ದು ಹೊಸದು, ನನ್ನದು ಹಳೇದು

ಭಾವ ಮತ್ತು ನಾನು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಕಾರು ಹುಡುಕಲು ಶುರು ಮಾಡಿದೆವು. ಇಬ್ಬರೂ ಮೈಸೂರಿನವರೇ. ಇಬ್ಬರ ಮನೆಯಲ್ಲೂ ಮಂಡಿನೋವಿನ ಹಿರಿಯರಿದ್ದಾರೆ. ಬಗ್ಗದೆ ಹತ್ತಿ ಕೂರಬೇಕು, ಮೈಲೇಜ್ ಕೊಡಬೇಕು, ಜೇಬಿಗೆ ಭಾರ ಆಗಬಾರದು. ಸುತ್ತಿ ಸುತ್ತಿ ವ್ಯಾಗನ್ ಆರ್‌ಗೇ ಬಂದು ನಿಂತೆವು. ಅವರು ಹೊಸದು ತೆಗೆದುಕೊಂಡರು, ನಾನು 2020ರದ್ದು. ಎರಡೂ ವಿಎಕ್ಸ್‌ಐ (ನಡುವಿನ ದರ್ಜೆಯದ್ದು), ಎರಡೂ 998 ಸಿಸಿ ಪೆಟ್ರೋಲ್, ಎರಡೂ ಮ್ಯಾನುಯಲ್ ಗೇರ್.

ಮೊದಲು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಭಾವ ಬುಕ್ ಮಾಡಿದ್ದು ಅದಾದ ಮೇಲೆ. ಶೋರೂಂ ಬೆಲೆ ಐದೂವರೆ ಲಕ್ಷದ ಹತ್ತಿರ. ಆದರೆ ಕರ್ನಾಟಕದಲ್ಲಿ ಶೋರೂಂ ಬೆಲೆ ನೋಡಿ ಖುಷಿಪಡುವ ಹಾಗಿಲ್ಲ. 5 ಲಕ್ಷದೊಳಗಿನ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, ಅದರ ಮೇಲೆ ಸೆಸ್ಸು ಬೇರೆ. ಟ್ಯಾಕ್ಸೇ 85 ಸಾವಿರದ ಆಸುಪಾಸು ಆಯಿತು. ಇನ್ಶೂರೆನ್ಸು, ಅದು ಇದು ಸೇರಿ ಕಾರು ರಸ್ತೆಗಿಳಿದಾಗ 6.7 ಲಕ್ಷ.

ನನ್ನದು 3.95 ಲಕ್ಷಕ್ಕೆ ಕುದುರಿತು. ಲೈಫ್‌ಟೈಮ್ ಟ್ಯಾಕ್ಸನ್ನು ಮೊದಲ ಓನರೇ ಕಟ್ಟಿದ್ದಾರೆ. ರಾಜ್ಯದೊಳಗೇ ಹೆಸರು ಬದಲಾದರೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ನಾಲ್ಕು ಟೈರು, ಬ್ಯಾಟರಿ, ಇನ್ಶೂರೆನ್ಸು, ಆರ್‌ಸಿ ಖರ್ಚು ಎಲ್ಲ ಸೇರಿ 4.35 ಲಕ್ಷ. ದೆಹಲಿ ಕಾರು ಇನ್ನೂ ಅಗ್ಗ ಅಂತ ಒಬ್ಬ ಬ್ರೋಕರ್ ಆಸೆ ತೋರಿಸಿದ್ದ. ಅಗ್ಗ ನಿಜ, ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಮತ್ತೆ ನೋಂದಣಿ ಮಾಡಿಸಿ, ಕಾರಿನ ವಯಸ್ಸಿಗೆ ತಕ್ಕ ಟ್ಯಾಕ್ಸ್ ಕಟ್ಟಿದ ಮೇಲೆ ಉಳಿಯುವುದು ಓಡಾಟದ ಸುಸ್ತು ಮಾತ್ರ.

ಅಂದರೆ ನಮ್ಮಿಬ್ಬರ ನಡುವಿನ ಅಂತರ 2.35 ಲಕ್ಷ. ಒಂದು ಷರತ್ತಿದೆ: ನಾನು ಸಾಲ ಮಾಡಲಿಲ್ಲ. ಹಳೇ ಕಾರಿನ ಸಾಲಕ್ಕೆ ಬ್ಯಾಂಕುಗಳು ಹೊಸದಕ್ಕಿಂತ ಜಾಸ್ತಿ ಬಡ್ಡಿ ಹಾಕುತ್ತವೆ, ಅವಧಿಯನ್ನೂ ಚಿಕ್ಕದು ಮಾಡುತ್ತವೆ. ಪೂರ್ತಿ ಸಾಲದ ಮೇಲೇ ತೆಗೆದುಕೊಳ್ಳುವವರಿಗೆ ಈ ಅಂತರ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಓಡಿಸಿ ನೋಡಿದ ಮಾತಿಗೆ ಬರೋಣ. ಶೋರೂಂನವರ ಟೆಸ್ಟ್ ಡ್ರೈವ್ ಅಂದರೆ ರಿಂಗ್ ರೋಡಿನಲ್ಲಿ ಒಂದು ಸುತ್ತು. ಅಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತೆ. ಆಮೇಲೆ ಎರಡನ್ನೂ ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದೆವು, ಮನೆಮಂದಿ ತುಂಬಿಕೊಂಡು, ಎಸಿ ಹಾಕಿಕೊಂಡು. ತಿರುವಿನಲ್ಲಿ ಎರಡೂ ಸೆಕೆಂಡ್ ಗೇರ್ ಕೇಳುತ್ತವೆ, ಎರಡೂ ಒಂದೇ ಥರ ಗುರುಗುಟ್ಟುತ್ತವೆ. ನನ್ನದರ ಕ್ಲಚ್ ಸ್ವಲ್ಪ ಗಟ್ಟಿ, ಇಳಿಯುವಾಗ ಹಿಂದಿನಿಂದ ಸಣ್ಣ ಕಿರಕಿರ. ಅಷ್ಟೇ. ಕಣ್ಣು ಮುಚ್ಚಿ ಕೂತರೆ ಯಾವುದು ಯಾವುದೆಂದು ಅತ್ತೆಗೆ ಗೊತ್ತಾಗುತ್ತಿರಲಿಲ್ಲ.

ಸುರಕ್ಷತೆಯಲ್ಲಿ ಮಾತ್ರ ಭಾವನ ಕಾರು ಸಲೀಸಾಗಿ ಗೆಲ್ಲುತ್ತದೆ. ಅದರಲ್ಲಿ ಆರು ಏರ್‌ಬ್ಯಾಗ್, ಜೊತೆಗೆ ಕಾರು ಜಾರದಂತೆ ಹಿಡಿಯುವ ಇಎಸ್‌ಪಿ. ನನ್ನದರಲ್ಲಿ ಡ್ರೈವರ್‌ಗೆ ಮಾತ್ರ ಒಂದು ಏರ್‌ಬ್ಯಾಗ್. ಪಕ್ಕದ ಸೀಟಿಗೂ ಕಡ್ಡಾಯ ಆದದ್ದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ ಆ ವರ್ಷದ ಕೊನೆಗೆ. ಹಾಗಂತ ಏರ್‌ಬ್ಯಾಗ್ ಎಣಿಸಿ ನೆಮ್ಮದಿಯಾಗುವ ಹಾಗೂ ಇಲ್ಲ. 2023ರಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಎರಡು ಏರ್‌ಬ್ಯಾಗಿನ ವ್ಯಾಗನ್ ಆರ್‌ಗೆ ಕೊಟ್ಟದ್ದು ಒಂದೇ ಸ್ಟಾರ್. ವಾರಕ್ಕೊಮ್ಮೆ ಬೆಂಗಳೂರು ಹೈವೇಯಲ್ಲಿ ಓಡುವವರಾದರೆ ನಾನು ಹಳೇದು ತಗೊಳ್ಳಿ ಅನ್ನುವುದಿಲ್ಲ. ನನ್ನ ಓಡಾಟ ಊರೊಳಗೇ ಜಾಸ್ತಿ.

ಪೆಟ್ರೋಲ್ ವಿಷಯವೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ್ದು. 2023ರ ಏಪ್ರಿಲ್‌ನಿಂದ ಈಚಿನ ಕಾರುಗಳ ರಬ್ಬರ್, ಪೈಪು ಅದಕ್ಕೆ ಹೊಂದುವಂಥವು. ನನ್ನದು ಅದಕ್ಕಿಂತ ಹಿಂದಿನದು, ಹಾಗಾಗಿ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಫ್ಯೂಯಲ್ ಹೋಸ್ ನೋಡಿ ಅಂತ ಹೇಳಿ ಬರುತ್ತೇನೆ.

ಹೊಸ ಕಾರು ಕೊಳ್ಳುವುದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಬಣ್ಣ ಆರಿಸಿ, ಬೇಡದ ಆಕ್ಸೆಸರಿಗೆಲ್ಲ ಬೇಡ ಅಂದರೆ ಮುಗಿಯಿತು. ಹಳೇ ಕಾರಿನದೇ ಪುರಾಣ. ಒಂದು ಡೀಲರ್ ಹತ್ತಿರ ಫಳಫಳ ಹೊಳೆಯುವ ಕಾರು, ಹೊಸ ಸೀಟ್ ಕವರು, ಹೊಸ ಮ್ಯಾಟು, ಸೆಂಟಿನ ಘಮ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹಿಂದಿನ ಸೀಟಿನ ಬೆಲ್ಟ್ ಹಿಡಿದು ಕೊನೆಯವರೆಗೂ ಎಳೆದ. ಕೊನೆಯ ಒಂದು ಗೇಣಿನಲ್ಲಿ ಕಂದು ಗೆರೆ, ಉಗುರಲ್ಲಿ ಕೆರೆದರೆ ಒಣ ಮಣ್ಣು. ನೀರಲ್ಲಿ ಮುಳುಗಿದ ಕಾರು. ಸೀಟು ತೊಳೆಯುತ್ತಾರೆ, ಸುರುಳಿಯೊಳಗಿನ ಬೆಲ್ಟ್ ಯಾರು ತೊಳೆಯುತ್ತಾರೆ?

ಇನ್ನೊಂದು ಕಾರಿನ ಮೀಟರು 31 ಸಾವಿರ ಕಿಲೋಮೀಟರ್ ಅನ್ನುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರ್ ಒಂದು ಮೂಲೆಯಲ್ಲಿ ಪೂರ್ತಿ ಸವೆದು ನುಣ್ಣಗಾಗಿತ್ತು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ನಂಬರ್ ಕೊಟ್ಟು ಹಿಸ್ಟರಿ ತೆಗೆಸಿದರೆ, ಎರಡು ವರ್ಷದ ಹಿಂದೆಯೇ ಅದು 60 ಸಾವಿರ ದಾಟಿತ್ತು!

ಕೊನೆಗೆ ಸಿಕ್ಕಿದ್ದು ಕುವೆಂಪುನಗರದ ಒಬ್ಬ ನಿವೃತ್ತರ ಕಾರು. ಬಂಪರ್ ತುಂಬಾ ಗೀಚು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಟೈರಿನ ಪಕ್ಕದಲ್ಲಿ 3220 ಅಂತ ಅಚ್ಚು, ಅಂದರೆ 2020ರ 32ನೇ ವಾರದ್ದು. ಕಾರಿನ ಜೊತೆ ಬಂದ ಟೈರೇ ಇನ್ನೂ ಇದೆ ಅಂದಮೇಲೆ ಮೀಟರಿನ 38 ಸಾವಿರವನ್ನು ನಂಬಬಹುದು ಅನ್ನಿಸಿತು. ಬಾನೆಟ್ ಬೋಲ್ಟುಗಳ ಮೇಲಿನ ಬಣ್ಣ ಒಂದಿಷ್ಟೂ ಎದ್ದಿರಲಿಲ್ಲ, ಸ್ಪ್ಯಾನರ್ ಬಿದ್ದೇ ಇಲ್ಲ, ಅಂದರೆ ಮುಂಭಾಗ ಗುದ್ದಿ ರಿಪೇರಿ ಆದ ಕಾರಲ್ಲ. ಟೈರಿಗೆ ವಯಸ್ಸಾಗಿತ್ತು, ಅದನ್ನು ತೋರಿಸಿಯೇ ಬೆಲೆ ಇಳಿಸಿದ್ದು.

ಇನ್ಶೂರೆನ್ಸ್‌ನಲ್ಲಿ ಹಳೇ ಕಾರಿನವರು ಗಮನಿಸದೆ ಬಿಡುವ ಎರಡು ಸಂಗತಿಗಳಿವೆ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಓನರ್‌ದು, ಕಾರಿನದಲ್ಲ. ಭಾವ ತಮ್ಮ ಹಿಂದಿನ ಕಾರಿನ ಬೋನಸ್ಸನ್ನು ಹೊಸದಕ್ಕೆ ಹಾಕಿಸಿಕೊಂಡರು. ನನಗೆ ಕಾರು ಮಾರಿದವರ ಬೋನಸ್ ಅವರ ಜೊತೆಗೇ ಹೋಯಿತು, ನನ್ನ ಲೆಕ್ಕ ಸೊನ್ನೆಯಿಂದ. ಇನ್ನೊಂದು, ಕಾರಿಗೆ ಐದು ವರ್ಷ ಆಗುವಷ್ಟರಲ್ಲಿ ಇನ್ಶೂರೆನ್ಸ್ ಲೆಕ್ಕದಲ್ಲಿ ಅದರ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ವ್ಯಾಗನ್ ಆರ್‌ನಂಥ ಬೇಡಿಕೆಯ ಕಾರು ಮಾರ್ಕೆಟ್ಟಿನಲ್ಲಿ ಅಷ್ಟು ಇಳಿಯುವುದಿಲ್ಲ. ಕಾರು ಕಳುವಾದರೆ ನಾನು ಕೊಟ್ಟಷ್ಟು ನನಗೆ ವಾಪಸ್ ಸಿಗುವುದಿಲ್ಲ.

ಈಚೆಗೆ ಚಿಕ್ಕಪ್ಪನ ಮಗ ಎರಡು ವರ್ಷದ ವ್ಯಾಗನ್ ಆರ್ ನೋಡಿ ಬಂದು ಫೋನ್ ಮಾಡಿದ. ಸೆಕೆಂಡ್ ಓನರ್, ಕೇಳುತ್ತಿರುವುದು 5.2 ಲಕ್ಷ, ಅದೂ ಬ್ಯಾಂಕ್ ಸಾಲದ ಮೇಲೆ. ಜಿಎಸ್‌ಟಿ ಇಳಿದ ಮೇಲೂ ಹಳೇ ರೇಟು ಹಿಡಿದು ಕೂತವರು ಇನ್ನೂ ಇದ್ದಾರೆ, ನೋಡಿ. ಅದೇ ಕಾರಿನ ಅಗ್ಗದ ದರ್ಜೆಯಾದ ಎಲ್‌ಎಕ್ಸ್‌ಐ ಹೊಸದರ ಶೋರೂಂ ಬೆಲೆ 5 ಲಕ್ಷದೊಳಗೇ ಇದೆ, ಟ್ಯಾಕ್ಸೂ ಶೇ 13ರ ಸ್ಲ್ಯಾಬಿಗೆ ಬೀಳುತ್ತೆ, ಸುಮ್ನೆ ಅದನ್ನೇ ಬುಕ್ ಮಾಡು ಅಂದೆ. ಹಳೇದೇ ಬೇಕು ಅನ್ನುವುದಾದರೆ ಐದಾರು ವರ್ಷದ್ದು ಹುಡುಕು, ಮೆಕ್ಯಾನಿಕ್ ನಂಬರ್ ಕಳಿಸುತ್ತೇನೆ.