ಹಳೆ ಆಟಿಕೆಗಳ ಪ್ಯಾಕಿಂಗ್‌ಗೆ ಜೇನುಗೂಡು ಪೇಪರ್ ರೋಲ್: ಎರಡೂವರೆ ವರ್ಷ, ಮೂರು ಮಳೆಗಾಲ

ಹಳೆ ಆಟಿಕೆ ಹುಡುಕಿ ತಂದು ಆನ್‌ಲೈನ್‌ನಲ್ಲಿ ಮಾರುವವರ ಲಾಭ ಸೋರಿ ಹೋಗುವ ಜಾಗ ಪ್ಯಾಕಿಂಗ್ ಮೇಜು. ಮೂವತ್ತು ವರ್ಷ ಯಾರದೋ ಅಟ್ಟದ ಮೇಲೆ ಸುರಕ್ಷಿತವಾಗಿದ್ದ ಗೊಂಬೆ ಮೂರು ದಿನದ ಕೊರಿಯರ್ ಪ್ರಯಾಣದಲ್ಲಿ ಹಾಳಾದರೆ, ಅದರ ಬದಲಿಗೆ ಕಳಿಸಲು ಇನ್ನೊಂದು ಎಲ್ಲೂ ಸಿಗುವುದಿಲ್ಲ. ಹಾಗಾಗಿ ತಿಂಗಳಿಗೆ ಮೂವತ್ತು ನಲವತ್ತು ಪಾರ್ಸೆಲ್ ಕಳಿಸುವ ಸಣ್ಣ ವ್ಯಾಪಾರದ ಲೆಕ್ಕದಲ್ಲಿ ಜೇನುಗೂಡು ಪೇಪರ್ ರೋಲ್ (ಉದ್ದಕ್ಕೂ ಸೀಳು ಕತ್ತರಿಸಿದ ಕಂದು ಕಾಗದದ ಸುರುಳಿ, ಎಳೆದರೆ ಜೇನುಗೂಡಿನಂತೆ ಅರಳಿ ಮೆತ್ತೆಯಾಗುತ್ತದೆ) ಬಗ್ಗೆ ಈ ಅಭಿಪ್ರಾಯ. ದಿನಕ್ಕೆ ನೂರು ಕಳಿಸುವವರ ಲೆಕ್ಕ ಬೇರೆ.

ಬಬಲ್ ಶೀಟ್ ಬಿಟ್ಟು ಈ ಪೇಪರಿಗೆ ಬರಲು ಕಾರಣ ಚನ್ನಪಟ್ಟಣದ ಹಳೆಯ ಮರದ ಗೊಂಬೆಗಳು. ಅವುಗಳ ಬಣ್ಣ ಬ್ರಶ್ಶಿನಲ್ಲಿ ಬಳಿದದ್ದಲ್ಲ. ಲೇತ್‌ನಲ್ಲಿ ಗಿರಗಿರ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಬಿಸಿಗೆ ಹತ್ತಿದ್ದು ಬಿಸಿಗೆ ಮತ್ತೆ ಮೆತ್ತಗಾಗದೆ ಇರುತ್ತದೆಯೇ? ಏಪ್ರಿಲ್ ಮೇ ತಿಂಗಳಲ್ಲಿ ಮುಚ್ಚಿದ ವ್ಯಾನಿನೊಳಗೆ ಬಬಲ್ ಶೀಟ್ ಬಿಗಿಯಾಗಿ ಒತ್ತಿಕೊಂಡು ಕೂತರೆ, ಕುದುರೆಯ ಬೆನ್ನ ಮೇಲೆ ಗುಂಡು ಗುಂಡು ಅಚ್ಚು ಮೂಡುತ್ತದೆ. ಒರೆಸಿದರೆ ಹೋಗುವುದಿಲ್ಲ. ಹಳೆಯ ಹೊಳಪೇ ಅದರ ಬೆಲೆ, ಆ ಹೊಳಪಿನ ಮೇಲೇ ಚುಕ್ಕೆ.

ಹಾಗೆಂದು ಎಲ್ಲ ತಪ್ಪನ್ನೂ ಬಬಲ್ ಶೀಟ್ ಮೇಲೆ ಹೊರಿಸಬಾರದು. ಪ್ಲಾಸ್ಟಿಕ್ ಗೊಂಬೆಗಳ ಅಂಟಂಟು, ಕರಗಿದಂತಹ ಕಲೆಗೆ ಹೆಚ್ಚಾಗಿ ಕಾರಣ ಪಿವಿಸಿ ಎಂಬ ಮೆದು ಮಾಡಿದ ಪ್ಲಾಸ್ಟಿಕ್. ಬೆಡ್‌ಶೀಟ್ ಬರುವಂಥ ದಪ್ಪ ಪಾರದರ್ಶಕ ಚೀಲ, ಆಟಿಕೆಯದೇ ಮೆದು ರಬ್ಬರಿನಂಥ ಚಕ್ರ, ಹಳೆ ವೈರು, ಇವುಗಳಲ್ಲಿ ಮೆದುಗೊಳಿಸಲು ಸೇರಿಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಬಂದು, ತಗುಲಿದ ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬಬಲ್ ಶೀಟ್ ಪಾಲಿಥೀನ್, ಅದರಲ್ಲಿ ಆ ದೋಷವಿಲ್ಲ. ಪಿವಿಸಿ ಚೀಲವನ್ನು ಮೊದಲು ಮನೆಯಿಂದ ಆಚೆ ಹಾಕಿ, ಆಮೇಲೆ ಪೇಪರಿನ ವಿಚಾರ.

ರೋಲ್ ಹೇಗಿರುತ್ತದೆಂದು ಎಲ್ಲರೂ ನೋಡಿರುತ್ತೀರಿ. ಯಾರೂ ಹೇಳದ ಒಂದು ಮಾತು ಮಾತ್ರ ಇಲ್ಲಿ ಬೇಕು: ಉದ್ದಕ್ಕೆ ಎಳೆದಾಗ ಇದರ ಅಗಲ ಕುಗ್ಗುತ್ತದೆ. 38 ಸೆಂಟಿಮೀಟರ್ ಎಂದು ಕೊಂಡದ್ದು ಎಳೆದ ಮೇಲೆ 30ರ ಹತ್ತಿರ ನಿಲ್ಲುತ್ತದೆ. ಎರಡೂ ತುದಿ ಮಡಿಸಿ ಮುಚ್ಚಲು ಒಂದೊಂದು ಕಡೆಗೆ ಐದು ಸೆಂಟಿಮೀಟರ್ ಬೇಕು. ಅಂದರೆ ಈ ರೋಲ್‌ನಲ್ಲಿ ನೆಟ್ಟಗೆ ಸುತ್ತಬಹುದಾದ ಆಟಿಕೆ 20 ಸೆಂಟಿಮೀಟರ್ ಒಳಗಿನದು ಮಾತ್ರ. 25 ಸೆಂಟಿಮೀಟರಿನ ಟಿನ್ ಬಸ್ಸಿಗೆ ಎರಡು ತುಂಡು ಅಡ್ಡಡ್ಡ ಸುತ್ತಬೇಕು. ಆನ್‌ಲೈನ್‌ನಲ್ಲಿ ಅಗಲ ನೋಡಿ ಆರ್ಡರ್ ಮಾಡುವವರು ಎಡವುವುದೇ ಇಲ್ಲಿ.

ಇನ್ನೊಂದು, ರೋಲಿಗೆ ಬ್ರೇಕ್ ಬೇಕು. ಮೇಜಿನ ಮೇಲೆ ಹಾಗೇ ಉರುಳಿಸಿ ಎಳೆದರೆ ಪೇಪರ್ ಬರುತ್ತದೆ, ಗೂಡು ಅರಳುವುದಿಲ್ಲ. ಅರಳದ ಪೇಪರ್ ಬರೀ ಕಾಗದ, ಅದರಲ್ಲಿ ಮೆತ್ತೆ ಇಲ್ಲ. ಇದಕ್ಕೆಂದೇ ಮಾರುವ ಸ್ಟ್ಯಾಂಡ್ ದುಬಾರಿ. ಒಂದಿಂಚಿನ ಪಿವಿಸಿ ನೀರಿನ ಪೈಪನ್ನು (ಇದು ಗಟ್ಟಿ ಪಿವಿಸಿ, ಭಯವಿಲ್ಲ) ರೋಲ್ ನಡುವಿನ ರಟ್ಟಿನ ಕೊಳವೆಗೆ ತೂರಿಸಿ, ಶೆಲ್ಫಿನ ಎರಡು ಕೊಕ್ಕೆಗೆ ನೇತುಹಾಕಿ. ಪೈಪಿನ ಸುತ್ತ ಹಳೆ ಕಾಲುಚೀಲದ ಮೇಲ್ತುದಿ ಕತ್ತರಿಸಿ ಸುತ್ತಿದರೆ ರೋಲ್ ಬಿಗಿಯಾಗಿ ತಿರುಗುತ್ತದೆ. ಅಷ್ಟೇ ಸಾಕು. ಒಂದು ಕೈಯಲ್ಲಿ ಎಳೆದರೆ ಚರಚರ ಎನ್ನುತ್ತಾ ಸೀಳುಗಳೆಲ್ಲ ಒಟ್ಟಿಗೆ ಬಾಯಿ ತೆರೆದು, ಚಪ್ಪಟೆ ಕಾಗದ ಕಣ್ಣೆದುರೇ ಜೇನುಗೂಡಾಗುತ್ತದೆ. ಸಂಜೆ ಪಿಕಪ್ ಬರುವ ಮುಂಚಿನ ಆ ಒಂದು ಗಂಟೆಯಲ್ಲಿ ಟೇಪು ಕೀಳುವ ಕರ್ಕಶ ಸದ್ದಿಲ್ಲದೆ ಕೆಲಸ ನಡೆಯುವುದು ದೊಡ್ಡ ಸುಖ. ಅರಳಿದ ಗೂಡುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಸುತ್ತು ತಾನಾಗಿಯೇ ನಿಲ್ಲುತ್ತದೆ. ಆಟಿಕೆಯ ಹತ್ತಿರ ಟೇಪೇ ಸುಳಿಯುವುದಿಲ್ಲ. ಹಳೆ ಡಬ್ಬದ ಚಿತ್ರ ಟೇಪಿಗೆ ಕಿತ್ತು ಬಂದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಜಾತ್ರೆಯಲ್ಲಿ ಮಾರುತ್ತಿದ್ದ, ಒಳಗೆ ದೀಪ ಹಚ್ಚಿದರೆ ನೀರಿನ ಮೇಲೆ ಓಡುವ ಪುಟ್‌ಪುಟ್ ದೋಣಿಯನ್ನೇ ತೆಗೆದುಕೊಳ್ಳಿ. ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ತಗಡಿನ ದೋಣಿ, ಒಳಗೆ ಚಪ್ಪಟೆ ಬಾಯ್ಲರ್, ಅದರಿಂದ ಹಿಂದಕ್ಕೆ ಹೋಗುವ ಎರಡು ಸಣ್ಣ ಕೊಳವೆ. ದೋಣಿಯ ಪ್ರಾಣ ಇರುವುದು ಬಾಯ್ಲರಿನ ಮೇಲಿನ ತೆಳು ತಗಡಿನಲ್ಲಿ ಮತ್ತು ಕೊಳವೆಯ ಬೆಸುಗೆಯಲ್ಲಿ. ಕಳಿಸುವ ಮುಂಚೆ ಒಂದು ಕೊಳವೆಗೆ ಡ್ರಾಪರಿನಲ್ಲಿ ನೀರು ಬಿಡಿ. ಇನ್ನೊಂದರಿಂದ ತೊಟ್ಟಿಕ್ಕಬೇಕು, ಬೇರೆಲ್ಲೂ ಜಿನುಗಬಾರದು. ಆಮೇಲೆ ನೀರು ಕೊಡವಿ, ಬಾಲ ಕೆಳಗಾಗಿ ನಿಲ್ಲಿಸಿ ಪೂರ್ತಿ ಒಂದು ದಿನ ಒಣಗಿಸಿ. ಇದನ್ನು ಬಿಟ್ಟರೆ ಉಳಿದ ನೀರು ದಾರಿಯಲ್ಲಿ ಪೇಪರಿಗೆ ಇಳಿದು, ದೋಣಿ ತುಕ್ಕಿನ ಕಲೆಯೊಂದಿಗೆ ತಲುಪುತ್ತದೆ.

ಸುತ್ತುವುದು ಹೀಗೆ. ಅಂಗೈಯಗಲದ ಒಂದು ತುಂಡು ಅರಳಿಸಿ, ಸುರುಳಿ ಮಾಡಿ, ಕೊಳವೆಗಳ ಹಿಂದೆ ದಿಂಬಿನಂತೆ ಇಡಿ. ಇನ್ನೊಂದು ಸುರುಳಿ ಮುಂದಿನ ಮೂತಿಗೆ. ಆಮೇಲೆ ಎಳೆಯದೆ ಅಳೆದ 40 ಸೆಂಟಿಮೀಟರ್ ಪೇಪರ್ ಹರಿದು, ಎಳೆದು (60 ದಾಟುತ್ತದೆ), ಬಿಗಿ ಬಿಡದೆ ಮೂರು ಸುತ್ತು. ಬಿಗಿ ಬಿಟ್ಟರೆ ಗೂಡುಗಳು ಮತ್ತೆ ಮಲಗುತ್ತವೆ. ಅತಿಯಾಗಿ ಬಿಗಿದರೆ ಮೇಲಿನ ತಗಡು ಚಾವಣಿ ಬಾಗುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದರೆ ಒಳಗೋಗಿ ಮತ್ತೆ ಎದ್ದು ಬರಬೇಕು, ಅದೇ ಹದ. ಸುತ್ತೆಷ್ಟು ಬೇಕೆಂದು ತಿಳಿಯಲು ಕೋಳಿಮೊಟ್ಟೆ ಸುತ್ತಿ ಡಬ್ಬದಲ್ಲಿಟ್ಟು ಸೊಂಟದೆತ್ತರದಿಂದ ಮೂಲೆ ಕೆಳಗಾಗಿ ಬೀಳಿಸುವುದು ಒಳ್ಳೆಯ ಪರೀಕ್ಷೆ. ಈ ರೋಲ್‌ನಲ್ಲಿ ಎರಡು ಸುತ್ತಿಗೆ ಮೊಟ್ಟೆ ಬಿರುಕು ಬಿಟ್ಟಿತು, ಮೂರಕ್ಕೆ ಉಳಿಯಿತು.

ಮೊದಲ ಆರೇಳು ತಿಂಗಳ ಬಳಕೆಯಲ್ಲಿ ಬರೆದಿದ್ದರೆ ವಿಮರ್ಶೆ ಇಲ್ಲಿಗೇ ಐದು ನಕ್ಷತ್ರದೊಂದಿಗೆ ಮುಗಿಯುತ್ತಿತ್ತು.

ಈಗ ಧೂಳಿನ ವಿಷಯ. ಇದೇ ಈ ಪೇಪರಿನ ದೊಡ್ಡ ರೋಗ. ಸಾವಿರಾರು ಸೀಳು ಎಂದರೆ ಸಾವಿರಾರು ಕತ್ತರಿಸಿದ ಅಂಚು, ಪ್ರತಿ ಅಂಚಿನಿಂದಲೂ ಕಂದು ಬಣ್ಣದ ನವಿರು ಹಿಟ್ಟು ಉದುರುತ್ತದೆ. ಎಳೆದ ಪ್ರತಿ ಸಲ ಮೇಜಿನ ಮೇಲೆ ಒಂದು ಪದರ. ಅಲ್ಲಿಗೇ ನಿಂತರೆ ಒರೆಸಿಕೊಳ್ಳಬಹುದು. ಆದರೆ ಪ್ರಯಾಣದುದ್ದಕ್ಕೂ ವ್ಯಾನಿನ ಅಲುಗಾಟಕ್ಕೆ ಉದುರುತ್ತಲೇ ಹೋಗುತ್ತದೆ. ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಸೈನಿಕ ಗೊಂಬೆಯ ಮೊಣಕೈ, ಸೊಂಟದ ಸಂದಿಗಳಲ್ಲಿ ಆ ಹಿಟ್ಟು ಕೂರುತ್ತದೆ. ಸೊಂಟದೊಳಗಿನ ರಬ್ಬರ್ ರಿಂಗನ್ನು ಹೊಸದು ಹಾಕಿ, ಬೆನ್ನಿನ ಸ್ಕ್ರೂ ಬಿಗಿದು, ಕೀಲೆಲ್ಲ ಚೊಕ್ಕಟ ಮಾಡಿ ಕಳಿಸಿದ ಗೊಂಬೆ, ಕೊಂಡವರ ಕೈ ಸೇರುವಾಗ ಅಟ್ಟದಿಂದ ಈಗ ತಾನೇ ಇಳಿಸಿದಂತೆ ಕಾಣುತ್ತದೆ. ‘ಕ್ಲೀನ್ ಮಾಡಿದ್ದೇವೆ’ ಎಂಬ ಮಾತು ಸುಳ್ಳಾಗುತ್ತದೆ. ಮಖಮಲ್ ಮೈಯ ಗೊಂಬೆಗಳಲ್ಲಂತೂ ಬ್ರಶ್ ಹಾಕಿದರೂ ಪೂರ್ತಿ ಹೋಗುವುದಿಲ್ಲ.

ಅದೇ ಅಂಚುಗಳು ಅರಗಿನ ಹೊಳಪನ್ನೂ ಬಿಡುವುದಿಲ್ಲ. ಕಾಗದದ ಅಂಚು ಒರಟು. ಮೂರು ದಿನ ಸಣ್ಣಗೆ ಉಜ್ಜುತ್ತಾ ಹೋದರೆ, ಬೆಳಕಿಗೆ ವಾರೆಯಾಗಿ ಹಿಡಿದಾಗ ಕೂದಲೆಳೆಯಂಥ ಗೀರು ಕಾಣುತ್ತವೆ. ಯಾವ ಗೊಂಬೆಗಾಗಿ ಬಬಲ್ ಬಿಟ್ಟು ಬಂದೆವೋ ಅದಕ್ಕೇ ಹೊಸ ಕಾಟ.

ಎರಡಕ್ಕೂ ಪರಿಹಾರವಿದೆ, ಆದರೆ ಕೆಲಸ ಹೆಚ್ಚು. ಪ್ಲಾಸ್ಟಿಕ್ ಗೊಂಬೆ, ಕೈಯಲ್ಲಿ ಹಿಡಿದು ಆಡುವ ಸೆಲ್ಲಿನ ಬ್ರಿಕ್ ಗೇಮ್, ಟ್ರಂಪ್ ಕಾರ್ಡ್ ಕಟ್ಟು, ಇವೆಲ್ಲ ಮೊದಲು ಪಾಲಿಥೀನ್ ಜಿಪ್ ಕವರಿಗೆ, ಆಮೇಲೆ ಪೇಪರಿಗೆ. (ಬ್ರಿಕ್ ಗೇಮಿನ ಸೆಲ್ ತೆಗೆದು ಬೇರೆ ಇಡಿ. ಒಳಗಿದ್ದು ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತದೆ.) ಅರಗಿನ ಗೊಂಬೆಗೆ ಪ್ಲಾಸ್ಟಿಕ್ ಬೇಡ, ತೊಳೆದು ಮೆತ್ತಗಾದ ಮಲ್ ಬಟ್ಟೆಯ ಒಂದು ಸುತ್ತು ಸಾಕು. ಹಳೆ ಪಂಚೆ ಹರಿದು ಚೌಕ ಮಾಡಿಟ್ಟುಕೊಂಡರೆ ಖರ್ಚೂ ಇಲ್ಲ. ಹೊಸ ಕಡೆಯಿಂದ ರೋಲ್ ತರಿಸುವ ಮೊದಲು ಸ್ಯಾಂಪಲ್ ಕೇಳಿ, ಕಪ್ಪು ಬಟ್ಟೆಯ ಮೇಲೆ ಹತ್ತು ಸಲ ಎಳೆದು ಬಿಡಿ. ಬ್ಲೇಡ್ ಮೊಂಡಾದ ಯಂತ್ರದಲ್ಲಿ ಕತ್ತರಿಸಿದ್ದಾದರೆ ಬಟ್ಟೆ ಕಂದಾಗುತ್ತದೆ. ಒಂದೇ ಬೆಲೆಯ ಎರಡು ರೋಲ್‌ಗಳ ನಡುವೆ ಈ ವ್ಯತ್ಯಾಸ ಆಕಾಶ ಭೂಮಿಯಷ್ಟಿರುತ್ತದೆ.

ಮಳೆಗಾಲ ಇನ್ನೊಂದು ಪರೀಕ್ಷೆ. ಮಲೆನಾಡು, ಕರಾವಳಿ ಕಡೆಯವರು ಇದನ್ನು ಎರಡು ಸಲ ಓದಿಕೊಳ್ಳಿ. ಜುಲೈನ ಗಾಳಿಯಲ್ಲಿ ಬಿಚ್ಚಿಟ್ಟ ರೋಲ್ ತೇವ ಕುಡಿದು ಸೊಪ್ಪಾಗುತ್ತದೆ. ಎಳೆದರೆ ಸೀಳಿನ ತುದಿಯಲ್ಲಿ ಹರಿಯುತ್ತದೆ, ಅರಳಿದ ಗೂಡು ನಿಲ್ಲದೆ ಬಾಡಿದ ಹೂವಿನಂತೆ ಕುಸಿಯುತ್ತದೆ. ಆಗ ಮೂರು ಸುತ್ತಿನ ಜಾಗದಲ್ಲಿ ಐದು ಸುತ್ತಿದರೂ ಮೊಟ್ಟೆ ಉಳಿಯಲಿಲ್ಲ. ಟಿನ್ ಆಟಿಕೆಗೆ ತೇವದ ಕಾಗದ ನೇರ ತಾಗಿದರಂತೂ ಬಣ್ಣ ಕಿತ್ತ ಅಂಚುಗಳಲ್ಲಿ ತುಕ್ಕು ಶುರು. ಕೀ ಕೊಡುವ ಟಿನ್ ಆಟಿಕೆಯನ್ನು ಸ್ಪ್ರಿಂಗ್ ಪೂರ್ತಿ ಬಿಚ್ಚಿದ ಮೇಲೆ, ಒಣ ಬಟ್ಟೆಯಲ್ಲಿ ಬೆರಳಚ್ಚೆಲ್ಲ ಒರೆಸಿ, 5 ಗ್ರಾಂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ. ಪೊಟ್ಟಣವಿಲ್ಲದೆ ಕವರ್ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕಿದಂತೆ. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿ ಹಸಿರಾದರೆ, ಬಿಡಿ ಕಾಳನ್ನು ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುತ್ತದೆ, ಅದು ಅಡುಗೆಮನೆಗೆ ಬರಲೇಬಾರದು. ಕಿತ್ತಳೆಗೂ ಬೇರೆ ಬಾಣಲೆಯನ್ನೇ ಇಟ್ಟುಕೊಳ್ಳಿ.

ಇನ್ನು ದುಡ್ಡು. 50 ಮೀಟರ್ ರೋಲ್ ಕೈಗೆ ಬರುವಷ್ಟರಲ್ಲಿ ಸುಮಾರು 650 ರೂಪಾಯಿ. ಪಾರ್ಸೆಲ್‌ಗೆ ಸರಾಸರಿ 80 ಸೆಂಟಿಮೀಟರ್ ಹಿಡಿದರೆ ಅರವತ್ತು ಚಿಲ್ಲರೆ ಪಾರ್ಸೆಲ್, ಅಂದರೆ ಒಂದಕ್ಕೆ ಹತ್ತು ಹನ್ನೊಂದು ರೂಪಾಯಿ. ಬಬಲ್ ಶೀಟ್ ಇದರ ಅರ್ಧಕ್ಕೆ ಮುಗಿಯುತ್ತದೆ. ಆದರೆ ಈ ಐದಾರು ರೂಪಾಯಿ ಲೆಕ್ಕಕ್ಕೇ ಇಲ್ಲ. ನಿಜವಾದ ಹೊಡೆತ ಡಬ್ಬದ ಗಾತ್ರದ್ದು. ಕೊರಿಯರ್‌ನವರು ತಕ್ಕಡಿಯ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಿಡಿಯುತ್ತಾರೆ. ಗಾತ್ರದ ತೂಕ ಎಂದರೆ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದ ಕಿಲೋ. 20×15×8ರ ಡಬ್ಬ 0.48 ಕಿಲೋ, ಅರ್ಧ ಕಿಲೋ ಸ್ಲ್ಯಾಬಿನ (ದರದ ಹಂತದ) ಒಳಗೆ. ಎತ್ತರ 10 ಆದರೆ 0.6, ಮುಂದಿನ ಸ್ಲ್ಯಾಬ್. ಒಳಗಿರುವ ದೋಣಿ ನೂರು ಗ್ರಾಮೂ ಇರುವುದಿಲ್ಲ! ಅರಳಿದ ಪೇಪರ್ ಒಂದು ಸುತ್ತಿಗೆ ಆರೇಳು ಮಿಲಿಮೀಟರ್ ದಪ್ಪ. ಮೂರು ಸುತ್ತು, ಮೇಲೂ ಕೆಳಗೂ ಸೇರಿ ನಾಲ್ಕು ಸೆಂಟಿಮೀಟರ್. ಬಬಲ್‌ನಲ್ಲಿ ಇದರ ಅರ್ಧ ಸಾಕಿತ್ತು. ಜೊತೆಗೆ ಅಳತೆ ಹಿಡಿಯುವುದು ಡಬ್ಬದ ಹೊರಮೈಗೆ, ಅದೂ ಉಬ್ಬಿದ ಕಡೆ. ಮೂರು ಪದರದ ರಟ್ಟು ಎಂದರೆ ಎರಡೂ ಕಡೆ ಸೇರಿ ಅರ್ಧ ಸೆಂಟಿಮೀಟರ್ ಅಲ್ಲೇ ಹೋಯಿತು. ಸ್ಪ್ರಿಂಗಿನಂತೆ ಎದ್ದು ನಿಲ್ಲುವ ಈ ಪೇಪರ್ ಮುಚ್ಚಳವನ್ನು ಉಬ್ಬಿಸುವುದರಲ್ಲಿ ಮುಂದು. ಹಾಗಾಗಿ ಮುಚ್ಚಳಕ್ಕೆ ಟೇಪ್ ಹಾಕಿದ ಮೇಲೆ, ಸ್ಕೇಲ್ ಆನಿಸಿ, ಮೂರೂ ಕಡೆಯ ಫೋಟೊ ತೆಗೆದಿಡಿ. ತೂಕದ ತಕರಾರು ಬಂದಾಗ ಆ ಫೋಟೊ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಕಾರ್ಡ್ ಬಿಚ್ಚದ, ಅಂದರೆ ರಟ್ಟಿನ ಕಾರ್ಡಿಗಂಟಿದ ಪ್ಲಾಸ್ಟಿಕ್ ಗುಳ್ಳೆಯೊಳಗೇ ಇರುವ, ಲಿಯೋ ಕಂಪನಿಯ ಹಾಟ್ ವೀಲ್ಸ್ ಕಾರು ಅಥವಾ ಜಿ.ಐ. ಜೋಗೆ ಈ ಪೇಪರ್ ಖಂಡಿತ ಬೇಡ. ಕಾರ್ಡಿನ ಚೂಪು ಮೂಲೆ ಗೂಡಿನೊಳಗೆ ಸಿಕ್ಕಿಕೊಂಡು ಮಡಚುತ್ತದೆ, ಕಾರ್ಡಿನ ಬೆಲೆ ಮೂಲೆಯಲ್ಲೇ ಇರುವುದು. ಕಾರ್ಡಿಗಿಂತ ಸುತ್ತಲೂ ಒಂದೊಂದು ಸೆಂಟಿಮೀಟರ್ ದೊಡ್ಡದಾಗಿ ಎರಡು ರಟ್ಟು ಕತ್ತರಿಸಿ, ಮುಂದಿನ ರಟ್ಟಿನಲ್ಲಿ ಗುಳ್ಳೆಯಷ್ಟು ಕಿಟಕಿ ತೆಗೆದು, ನಡುವೆ ಕಾರ್ಡಿಟ್ಟು ರಬ್ಬರ್ ಬ್ಯಾಂಡ್ ಬದಲು ನೂಲಿನಲ್ಲಿ ಕಟ್ಟಿ. ಅದರ ಹೊರಗೆ ಬಬಲ್ ಶೀಟೇ ಸರಿ.

ಹಾಗಾದರೆ ಇದನ್ನು ಬಿಟ್ಟದ್ದಾಯಿತೇ ಎಂದರೆ, ಇಲ್ಲ. ಮರಕ್ಕೆ, ತಗಡಿಗೆ, ಕೈಕಾಲು ಚಾಚಿಕೊಂಡ ಆಟಿಕೆಗಳಿಗೆ ಇದರಷ್ಟು ಚೆನ್ನಾಗಿ ಮೈಗೆ ಕೂರುವ ಮೆತ್ತೆ ಈ ಬೆಲೆಗೆ ಸಿಕ್ಕಿಲ್ಲ. ಒಡೆದು ಬಂದ ದೋಣಿಯ ದೂರು ನಿಂತಿದೆ. ರಿಟರ್ನ್ ಬಂದ ಪಾರ್ಸೆಲ್‌ನ ಪೇಪರನ್ನು ಸುಕ್ಕಾಗದ ಹಾಗೆ ಮಡಿಸಿಟ್ಟು ಮೂಲೆ ತುಂಬಲು ಬಳಸಬಹುದು. ಸುತ್ತಲು ಬೇಡ, ಒಮ್ಮೆ ಅರಳಿದ ಗೂಡಿಗೆ ಮೊದಲಿನ ಕಸುವಿರುವುದಿಲ್ಲ. ನಕ್ಷತ್ರ ಕೊಡುವುದಾದರೆ ನವೆಂಬರ್‌ನಿಂದ ಮೇವರೆಗೆ ನಾಲ್ಕು, ಜೂನ್‌ನಿಂದ ಎರಡು. ಜೂನ್ ಮೊದಲ ವಾರದಲ್ಲಿ ರೋಲನ್ನು ಕೊಕ್ಕೆಯಿಂದ ಇಳಿಸಿ, ದೊಡ್ಡ ಪಾಲಿಥೀನ್ ಚೀಲದಲ್ಲಿ ನೂರು ಗ್ರಾಂ ಸಿಲಿಕಾ ಜೆಲ್ ಜೊತೆ ಬಾಯಿ ಕಟ್ಟಿಡಿ. ಆ ದಿನಕ್ಕೆ ಬೇಕಾದಷ್ಟು ಹರಿದುಕೊಂಡು, ತಕ್ಷಣ ಮತ್ತೆ ಕಟ್ಟಿ.