ದೇವರ ಚಿತ್ರ ಇಲ್ಲದ ಮದುವೆ ಕಾಗದ: ಕಾಸರಗೋಡಿನ ಒಂದು ಪ್ರೆಸ್ಸಿನ ಬಗ್ಗೆ

ಮಗಳ ಮದುವೆ ಕಾಗದ ಮಾಡಿಸಿದ ಪ್ರೆಸ್ಸಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ ಅದರ ಯಜಮಾನರು ಆಗಲಿ ಎಂದರು, ಆದರೆ ಹೆಸರು ಹಾಕಬೇಡಿ ಎಂದರು. ಆದ್ದರಿಂದ ಇಷ್ಟೇ ಹೇಳುತ್ತೇನೆ. ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಮಹಡಿಯ ಮೇಲಿದೆ, ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ನಾನು ದೇವರನ್ನು ನಂಬುವವನಲ್ಲ. ಮಗಳೂ ಅಳಿಯನೂ ಹಾಗೆಯೇ. ಅಮ್ಮ ನಂಬುತ್ತಾರೆ, ಹೆಂಡತಿ ನಂಬುತ್ತಾಳೆ, ನೆಂಟರು, ನೆರೆಯವರು ಹೆಚ್ಚುಕಮ್ಮಿ ಎಲ್ಲರೂ ನಂಬುವವರೇ. ಸಂಜೆ ಅಮ್ಮ ದೀಪ ಹಚ್ಚುವ ಹೊತ್ತಿಗೆ ನಾನು ಟಿವಿ ಸದ್ದು ತಗ್ಗಿಸುತ್ತೇನೆ. ನೀನ್ಯಾಕೆ ಕೈ ಮುಗಿಯಲಿಲ್ಲ ಎಂದು ಅವರು ಕೇಳುವುದಿಲ್ಲ. ಎಷ್ಟೋ ವರ್ಷಗಳಿಂದ ಮನೆ ಹೀಗೇ ನಡೆದಿದೆ.

ಮದುವೆ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಆಮೇಲೆ ಒಂದು ಸಭಾಂಗಣದಲ್ಲಿ ಎಲ್ಲರಿಗೂ ಊಟ ಎಂದು ತೀರ್ಮಾನವಾಯಿತು. ಕಾಗದ ಮಾಡಿಸಲು ಮೊದಲು ಬೇರೊಂದು ಅಂಗಡಿಗೆ ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ "ಮೇಲೆ ಯಾವ ದೇವರು ಹಾಕಲಿ?" ಎಂದ. ಯಾವುದೂ ಬೇಡ ಎಂದೆ. "ನೀವು ಪಾರ್ಟಿಯವರಾ?" ಎಂದು ನಕ್ಕ, ಕಮ್ಯುನಿಸ್ಟರಾ ಎಂದು ಅರ್ಥ. ನಾನು ಯಾವ ಪಾರ್ಟಿಯವನೂ ಅಲ್ಲ, ಮತ್ತೆ ನಮ್ಮ ಊರಲ್ಲಿ ಕೆಂಪು ಬಾವುಟ ಹಿಡಿದವರೇ ತೆಯ್ಯಂ, ಅಂದರೆ ದೈವದ ಕೋಲ, ಬಂದಾಗ ಚಪ್ಪರ ಕಟ್ಟಲು ಮುಂದೆ ಇರುತ್ತಾರೆ, ಅದು ಅವನಿಗೂ ಗೊತ್ತಿರಬೇಕು ಅಲ್ವಾ? ಪ್ರೂಫ್ ಬಂದಾಗ ಮೂಲೆಯಲ್ಲಿ ಚಿಕ್ಕದೊಂದು ಓಂ ಇತ್ತು. ತೆಗೆಯಿರಿ ಎಂದೆ. ಎರಡನೇ ಪ್ರೂಫಿನಲ್ಲಿ ಅಕ್ಷರಗಳ ಹಿಂದೆ ತೆಳುವಾಗಿ ಗಣಪತಿ ಇದ್ದ. "ಖಾಲಿ ಬಿಟ್ಟರೆ ಅಶುಭ ಸಾರ್, ಹೇಗೂ ಯಾರಿಗೂ ಕಾಣುವುದಿಲ್ಲ" ಎಂದ. ಕೊಟ್ಟಿದ್ದ 1,000 ರೂಪಾಯಿ ಮುಂಗಡ ಬಿಟ್ಟು ಎದ್ದು ಬಂದೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಗೆ ಕೆಡುಕಾಗಬಾರದು ಎಂದೇ ಅವನು ಹಾಗೆ ಮಾಡಿದ್ದು. ಆದರೆ ದೇವರನ್ನು ನಂಬದವನು ಹೇಗಿರುತ್ತಾನೆ ಎಂದು ಅವನಿಗೆ ತೋರಿಸಿದವರು ಯಾರು? ಸಿನಿಮಾ, ಧಾರಾವಾಹಿ. ಅಲ್ಲಿ ನಾಸ್ತಿಕ ಎಂದರೆ ಸಿಡುಕ, ಹೆಂಡತಿಯ ಪೂಜೆಯ ತಟ್ಟೆ ಒದೆಯುವವನು, ಕುಡುಕ, ಇಲ್ಲವೇ ದುಡ್ಡಿನ ಮದದವನು. ಕೊನೆಗೆ ಮಗು ಆಸ್ಪತ್ರೆ ಸೇರಿದಾಗ ಓಡಿಹೋಗಿ ಗುಡಿಯ ಗಂಟೆ ಹೊಡೆಯಬೇಕು, ಆಗ ಮಾತ್ರ ಅವನು ಒಳ್ಳೆಯವನು. ಬೆಳಗ್ಗೆ ಎದ್ದು ಹಾಲು ತಂದು, ಶಾಲೆಯಲ್ಲಿ ಪಾಠ ಮಾಡಿ, ಪಕ್ಕದ ಮನೆಯವರಿಗೆ ಜ್ವರ ಬಂದರೆ ರಿಕ್ಷಾ ಕರೆಯುವ ಒಬ್ಬ ಸಾಮಾನ್ಯ ಮನುಷ್ಯ ಹಾಗಿದ್ದಾನೆ ಎಂದು ಯಾರೂ ತೋರಿಸುವುದೇ ಇಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಇಂಥದ್ದೊಂದನ್ನು ನೋಡಿ "ಅಪ್ಪಾ, ನೀನೂ ಕೆಟ್ಟವನಾ?" ಎಂದು ಕೇಳಿದ್ದಳು. ಅದು ಇನ್ನೂ ಮನಸ್ಸಿನಲ್ಲಿದೆ.

ಆಮೇಲೆ ಈ ಪ್ರೆಸ್ಸು. ಯಜಮಾನರು ದೈವಭಕ್ತರು, ಹಣೆಯಲ್ಲಿ ಗಂಧ, ಗೋಡೆಯಲ್ಲಿ ನಾರಾಯಣ ಗುರುಗಳ ಫೋಟೋ, ದಿನಾ ಬೆಳಗ್ಗೆ ಮೆಷಿನ್ನಿಗೆ ಕೈಮುಗಿದೇ ಕೆಲಸ ಶುರು ಮಾಡುತ್ತಾರೆ. ನನ್ನ ಮಾತು ಕೇಳಿ ನಗಲಿಲ್ಲ. ಹಳೆಯ ಮರದ ಡ್ರಾಯರ್ ಒಂದನ್ನು ಎಳೆದು ತೋರಿಸಿದರು. ಅಚ್ಚುಮೊಳೆ ಕಾಲದ ಬ್ಲಾಕುಗಳು. ಗಣಪತಿ, ಶಿಲುಬೆ, ಚಂದ್ರ ನಕ್ಷತ್ರ, ಕಳಶ, ಎಲ್ಲ ಒಂದೇ ಡ್ರಾಯರಿನಲ್ಲಿ. ಈಗ ಕೆಲಸಕ್ಕೆ ಬಾರದಿದ್ದರೂ ಎಸೆಯಲು ಮನಸ್ಸಿಲ್ಲವಂತೆ. "ಮಾಸ್ಟ್ರೇ, ಇಷ್ಟರಲ್ಲಿ ಯಾವುದೂ ಬೇಡ ಎನ್ನುವವರಿಗೆ ನಾನು ಕಾಗದ ಮಾಡಿದ್ದೇ ಇಲ್ಲ. ಜಾಗ ಬೋಳಾಗಿ ಕಾಣದ ಹಾಗೆ ಹೇಗೆ ಮಾಡುವುದು, ಕೂತು ನೋಡುವಾ" ಎಂದರು.

ಆಮೇಲೆ ತಡೆಯಲಾಗದೆ ಕೇಳಿದರು. ದೇವರ ಹೆಸರಿಲ್ಲದೆ ಮದುವೆ ಅಂದರೆ ಹೇಗೆ? ನನಗೆ ಗೋರಾ ಅವರ ಮಗಳ ಮದುವೆ ನೆನಪಾಯಿತು. ವಿಜಯವಾಡದಲ್ಲಿ ನಾಸ್ತಿಕ ಕೇಂದ್ರ ನಡೆಸಿದ ಗೋರಾ ಗಾಂಧೀಜಿಯ ಒಡನಾಟದಲ್ಲಿದ್ದವರು. ಅವರ ಹಿರಿಯ ಮಗಳನ್ನು ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಸಮುದಾಯದ ಹುಡುಗನಿಗೆ ಕೊಡುವುದು ಎಂದಾದಾಗ, ಸೇವಾಗ್ರಾಮದಲ್ಲಿ ತಾನೇ ಮದುವೆ ಮಾಡಿಸುತ್ತೇನೆ ಎಂದರು ಗಾಂಧೀಜಿ. ದೇವರ ಹೆಸರಿನಲ್ಲಿ ಎನ್ನುವ ಕಡೆ ಸತ್ಯದ ಹೆಸರಿನಲ್ಲಿ ಎಂದು ಬದಲಿಸಲೂ ಒಪ್ಪಿದರು. 1948ರ ಜನವರಿ 30ಕ್ಕೆ ಅವರ ಕೊಲೆಯಾಯಿತು. ಮಾರ್ಚಿನಲ್ಲಿ ಮದುವೆ ಸೇವಾಗ್ರಾಮದಲ್ಲೇ ನಡೆಯಿತು. ದಿನಾ ರಾಮನಾಮ ಹೇಳುತ್ತಿದ್ದ ಮನುಷ್ಯ ಒಬ್ಬ ನಾಸ್ತಿಕನಿಗಾಗಿ ಮಾತು ಬದಲಿಸಲು ಒಪ್ಪಿದ್ದು ಎಷ್ಟು ದೊಡ್ಡದು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಯಜಮಾನರು ಗೋಡೆಯ ಕಡೆ ನೋಡಿ "ನಮ್ಮ ಗುರುಗಳ ಹತ್ತಿರವೂ ಅಯ್ಯಪ್ಪನ್ ಇದ್ದರಲ್ಲ" ಎಂದರು. ಕೇರಳದ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್. ಒಂದೇ ಜಾತಿ, ಒಂದೇ ಮತ, ಒಂದೇ ದೇವರು ಎಂದ ಗುರುಗಳ ಶಿಷ್ಯನಾಗಿದ್ದುಕೊಂಡೇ ಜಾತಿ ಬೇಡ, ಮತ ಬೇಡ, ದೇವರು ಬೇಡ ಮನುಷ್ಯನಿಗೆ ಎಂದವರು. 1917ರಲ್ಲಿ ಕೊಚ್ಚಿ ಹತ್ತಿರದ ಚೆರಾಯಿಯಲ್ಲಿ ತನ್ನ ಈಳವ ಜಾತಿಯವರನ್ನೂ ಅವರಿಗಿಂತ ಕೀಳೆಂದು ದೂರ ಇಟ್ಟಿದ್ದ ಪುಲಯರನ್ನೂ ಒಟ್ಟಿಗೆ ಕೂರಿಸಿ ಸಹಭೋಜನ ಮಾಡಿಸಿದಾಗ ಸ್ವಂತ ಜನರೇ ತಿರುಗಿಬಿದ್ದರು, ಗುರುಗಳು ಕೈಬಿಡಲಿಲ್ಲ. ಪ್ರೆಸ್ಸಿನ ಸದ್ದಿನ ನಡುವೆ ಒಬ್ಬ ಭಕ್ತರ ಬಾಯಿಂದ ಈ ಮಾತು ಕೇಳಿ ನನಗೆ ಕಣ್ಣು ತುಂಬಿತು.

ಅವರು ನನ್ನನ್ನು ತಿದ್ದಿದ್ದೂ ಇದೆ. ಅಳಿಯನ ಗೆಳೆಯರು "ಮೌಢ್ಯಮುಕ್ತ ಮದುವೆ" ಎಂದು ದೊಡ್ಡದಾಗಿ ಹಾಕಿಸಿ ಎಂದಿದ್ದರು, ನಾನೂ ಬರೆದುಕೊಂಡು ಹೋಗಿದ್ದೆ. ಯಜಮಾನರು ಅದನ್ನು ಎರಡು ಸಲ ಓದಿದರು. "ಈ ಕಾಗದ ನಿಮ್ಮ ಅಮ್ಮನ ತಂಗಿಗೂ ಹೋಗುತ್ತದಲ್ಲ ಮಾಸ್ಟ್ರೇ, ಅವರ ಮದುವೆ ಮೌಢ್ಯವಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದವರು ನಮ್ಮನ್ನು ಕೆಟ್ಟದಾಗಿ ತೋರಿಸುತ್ತಾರೆ ಎಂದು ನೊಂದುಕೊಳ್ಳುವ ನಾನು ನಂಬುವವರನ್ನು ಮೂಢರೆಂದು ಅಚ್ಚು ಹಾಕಿಸಲು ಹೊರಟಿದ್ದೆ. ಆ ಸಾಲು ಹೊಡೆದು ಹಾಕಿದೆವು. ಮೇಲೆ "ಮದುವೆಗೆ ಬನ್ನಿ" ಎಂದಷ್ಟೇ ಬಂತು, ಅದರ ಕೆಳಗೆ ಇಬ್ಬರ ಹೆಸರು ದೊಡ್ಡ ಅಕ್ಷರದಲ್ಲಿ, ಸುತ್ತಲೂ ಅಡಿಕೆ ಸೋಗೆಯ ಗೆರೆಚಿತ್ರ. ಬೋಳಾಗಿ ಕಾಣುವುದಿಲ್ಲ, ನಿಜವಾಗಿ ಚೆಂದ ಇದೆ.

ಕೆಲಸದ ವಿಷಯ. ಒಂದು ಕಾಗದಕ್ಕೆ ಕವರೂ ಸೇರಿ 18 ರೂಪಾಯಿ, 400 ಮಾಡಿಸಿದೆವು, ಆರು ದಿನದಲ್ಲಿ ಸಿಕ್ಕಿತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳಂ. ಕಾಸರಗೋಡಿನಲ್ಲಿ ಕನ್ನಡ ಟೈಪ್ ಮಾಡಿಸುವುದು ಎಷ್ಟು ಕಷ್ಟ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒತ್ತಕ್ಷರ ಬಿಟ್ಟುಹೋಗುತ್ತದೆ, ಳ ಇರುವಲ್ಲಿ ಲ ಬರುತ್ತದೆ. ಇವರ ಪ್ರೂಫಿನಲ್ಲಿ ಎರಡೇ ತಪ್ಪು ಸಿಕ್ಕಿದವು, ಎರಡನ್ನೂ ಕೂತಲ್ಲೇ ತಿದ್ದಿದರು. ಕವರಿನ ಗೋಂದು ಮಾತ್ರ ಸರಿಯಿಲ್ಲ, ಮಳೆಗಾಲದ ತಂಡಿಗೆ ಬಿಟ್ಟುಕೊಳ್ಳುತ್ತದೆ, ಅರ್ಧಕ್ಕೆ ನಾವೇ ಮತ್ತೆ ಅಂಟು ಹಚ್ಚಿದೆವು.

ರಿಜಿಸ್ಟರ್ ಮದುವೆಯವರು ಇದೊಂದು ನೆನಪಿಡಿ. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು, ಅಷ್ಟರೊಳಗೆ ಯಾರಾದರೂ ಆಕ್ಷೇಪಣೆ ಹಾಕಬಹುದು. ಅದು ಮುಗಿಯುವ ಮೊದಲು ತಾರೀಖು ಅಚ್ಚು ಹಾಕಿಸಬೇಡಿ ಎಂದು ಯಜಮಾನರೇ ತಡೆದರು. ಮೂವರು ಸಾಕ್ಷಿಗಳ ಮುಂದೆ ಹೇಳುವ ಮಾತನ್ನು ವಧೂವರರಿಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ನಮ್ಮವರು ಕನ್ನಡದಲ್ಲೇ ಹೇಳಿದರು. ಸಾಕ್ಷಿ ಹಾಕಿದ ಮೂವರಲ್ಲಿ ಒಬ್ಬರು ತಳಂಗರೆಯ ನನ್ನ ಸಹೋದ್ಯೋಗಿ, ಐದು ಹೊತ್ತು ನಮಾಜು ಮಾಡುವವರು.

ಕಾಗದ ಮನೆಗೆ ಬಂದ ದಿನ ಅಮ್ಮ ಮೊದಲನೆಯದನ್ನು ಎತ್ತಿಟ್ಟುಕೊಂಡರು, ಮಧೂರು ಗಣಪತಿ ದೇವಸ್ಥಾನಕ್ಕೆ ಕೊಡಬೇಕಂತೆ. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಜೋರು ಮಳೆ, ನಡೆಯವರೆಗೆ ಕೊಡೆ ಹಿಡಿದು ನಿಂತೆ. ಭಟ್ಟರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಏನೂ ಕೇಳಲಿಲ್ಲ, ಒಳಗೆ ತೆಗೆದುಕೊಂಡು ಹೋದರು. ಬರುವಾಗ ಅಮ್ಮ ಅಲ್ಲಿಯ ಸಿಹಿ ಅಪ್ಪದ ಪ್ರಸಾದ ಕೊಟ್ಟರು, ತಿಂದೆ. ಬಿಸಿ ಇತ್ತು.

ಬಾಕಿ ಹಣ ಕೊಡಲು ಹೋದಾಗ ನೋಡಿದೆ, ಗಿರಾಕಿಗಳಿಗೆ ತೋರಿಸುವ ಆಲ್ಬಮ್ಮಿನಲ್ಲಿ ನಮ್ಮದನ್ನೂ ಅಂಟಿಸಿದ್ದಾರೆ, ಒಂದು ಇಗರ್ಜಿ ಮದುವೆಯ ಕಾಗದಕ್ಕೂ ಒಂದು ನಿಖಾಹ್ ಕಾಗದಕ್ಕೂ ನಡುವೆ. ಕೆಳಗೆ ಪೆನ್ನಿನಲ್ಲಿ "ಅಡಿಕೆ ಸೋಗೆ ಡಿಸೈನ್, 18 ರೂ." ಎಂದು ಬರೆದಿದ್ದಾರೆ.