ಮೇಸನ್ ಎಂದರೆ ಗೌಂಡಿ: ನಾನು ಕಳೆದುಕೊಂಡ 299 ರೂಪಾಯಿ

ಅಮೆರಿಕದಲ್ಲಿರುವ ಮಗಳು ತನ್ನ ಗಂಡುಕೂಸಿಗೆ ಮೇಸನ್ ಎಂದು ಹೆಸರಿಟ್ಟಳು. ಅದು ನಮ್ಮ ಅಳಿಯನ ತಾಯಿಯ ತವರಿನ ಅಡ್ಡಹೆಸರು. ತಾಯಿಯ ಕಡೆಯ ಅಡ್ಡಹೆಸರನ್ನೇ ಕೂಸಿಗೆ ಇಡುವ ರೂಢಿ ಆ ದೇಶದಲ್ಲಿ ಹಳೆಯದಂತೆ. ಇರಲಿ. ಆದರೆ ಧಾರವಾಡದಲ್ಲಿ ಪೇಢೆ ಹಂಚಲು ಹೋದ ಮನೆಯಲ್ಲೆಲ್ಲ "ಹಾಗೆಂದರೇನು?" ಎಂಬ ಪ್ರಶ್ನೆ. ಹೆಸರಿನ ಅರ್ಥ ಹೇಳುವ ಆ್ಯಪ್ ಒಂದಕ್ಕೆ 299 ರೂಪಾಯಿ ಕಟ್ಟಿದೆ.

ಅರ್ಥ: ಬಲಶಾಲಿ, ಸ್ಥಿರಚಿತ್ತ, ಹುಟ್ಟು ನಾಯಕ. ರಾಶಿ: ಮೇಷ. ('ಮೇ' ಕಂಡೊಡನೆ ಮೇಷ ಎಂದಿರಬೇಕು.) ಜನಪ್ರಿಯತೆ: ನಾಲ್ಕೂವರೆ ನಕ್ಷತ್ರ. ಯಾವ ದೇಶದಲ್ಲಿ, ಯಾವ ವರ್ಷ? ಸುದ್ದಿಯೇ ಇಲ್ಲ. ಅನುಮಾನ ಬಂದು ನಮ್ಮ ನಾಯಿ ಮೋತಿಯ ಹೆಸರು ಹಾಕಿ ನೋಡಿದೆ. ಅದೂ ಹುಟ್ಟು ನಾಯಕ.

ಮೇಸನ್ ಎಂದರೆ ಗೌಂಡಿ. ಕಲ್ಲು, ಇಟ್ಟಿಗೆ ಕಟ್ಟುವವನು. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಶಬ್ದ. ಕಾರ್ಟರ್ ಗಾಡಿ ಹೊಡೆಯುವವನು, ಕೂಪರ್ ಪೀಪಾಯಿ ಮಾಡುವವನು. ನಮ್ಮ ಬಡಿಗೇರ, ಪತ್ತಾರ, ಕಂಬಾರರ ಹಾಗೆಯೇ ಕಸುಬಿನಿಂದ ಹುಟ್ಟಿದ ಅಡ್ಡಹೆಸರುಗಳು. ನಮ್ಮಲ್ಲಿ ಅವು ಹೆಸರಿನ ಬೆನ್ನಿಗೇ ಉಳಿದವು, ಅಲ್ಲಿ ತೊಟ್ಟಿಲಿಗೆ ಏರಿದವು. ಬಡಿಗೇರ ಮನೆತನದವನಾದ ನನಗೆ ಗೌಂಡಿ ಮೊಮ್ಮಗ ಬಂದದ್ದು ಖುಷಿಯೇ. ಉಳಿ ಹಿಡಿದವನಿಗೆ ಕರಣಿ ಹಿಡಿಯುವವನು ಜೊತೆಯಾದ. ಇಷ್ಟು ಒಳ್ಳೆಯ ಕಸುಬನ್ನು ಮುಚ್ಚಿಟ್ಟು 'ಸ್ಥಿರಚಿತ್ತ' ಎಂದು ಬಣ್ಣ ಬಳಿಯುವ ಅಗತ್ಯ ಆ್ಯಪಿಗೆ ಏನಿತ್ತು?

ಜನಪ್ರಿಯತೆಯ ಲೆಕ್ಕ ಬೇಕಾದವರು ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯ ಜಾಲತಾಣ ನೋಡಬೇಕು. ಒಂದು ಪೈಸೆ ಕೊಡಬೇಕಿಲ್ಲ. 1880ರಿಂದೀಚೆಗೆ ಹುಟ್ಟಿದವರ ಹೆಸರುಗಳ ಎಣಿಕೆ ಅಲ್ಲಿದೆ. 2011ರಲ್ಲಿ ಹುಟ್ಟಿದ ಗಂಡುಮಕ್ಕಳ ಪಟ್ಟಿಯಲ್ಲಿ ಮೇಸನ್ 2ನೆಯದು, ಅದಕ್ಕಿಂತ ಮುಂದಿದ್ದದ್ದು ಜೇಕಬ್ ಒಂದೇ. ಆಮೇಲೆ ಇಳಿಯುತ್ತ ಬಂದಿದೆ. ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅವರ ಗೋಪ್ಯತೆಗಾಗಿ ತೋರಿಸುವುದಿಲ್ಲ. ಸ್ಪೆಲಿಂಗ್ ಬೇರೆಯಾದರೆ ಎಣಿಕೆಯೂ ಬೇರೆ. ಅರ್ಥ ಹೇಳುವ ಗೋಜಿಗೆ ಅದು ಹೋಗುವುದಿಲ್ಲ. ಹೇಳದಿರುವುದೇ ಮೇಲು ಎಂದು ಈಗ ಅನ್ನಿಸುತ್ತದೆ.

ಆ್ಯಪಿಗೆ ಒಂದು ನಕ್ಷತ್ರ, ಅದೂ ಮೋತಿಯ ಮುಖ ನೋಡಿ. ಹಣ ಮರಳಿಸಿ ಎಂದು ಬರೆದಿದ್ದೆ. ಮೂರು ದಿನದ ಮೇಲೆ ಉತ್ತರ ಬಂತು: "ಪ್ರಿಯ ಮೇಸನ್ ಅವರೇ, ನಿಮ್ಮ ನಾಯಕತ್ವದ ಗುಣ ನಮಗೆ ಗೊತ್ತು, ದಯವಿಟ್ಟು ತಾಳ್ಮೆಯಿಂದಿರಿ."